ಹಿತ್ತಲ ಚಕ್ಕೋತ

ಅಜ್ಜಿಯ ಬೆರಳುಗಳಿಗೆ ಸದಾ ಅಂಟಿರುತ್ತಿದ್ದ ಚಕ್ಕೋತದ ಸಿಪ್ಪೆಯ ವಾಸನೆ ಅಂದು ಮಧ್ಯಾಹ್ನ ಅಡುಗೆಮನೆಯಿಂದ ಬಂದಾಗ ಡಾಕ್ಟರಿಗೆ ಬಾಲ್ಯ ನೆನಪಾಯಿತು, ಮರುಕ್ಷಣವೇ ಭಯವಾಯಿತು. ರಕ್ತದೊತ್ತಡ ಇಳಿಸುವ ಕ್ಯಾಲ್ಸಿಯಂ ಚಾನೆಲ್ ಮಾತ್ರೆಗಳ ಸಂಶೋಧನೆಯಲ್ಲಿ ಮೂವತ್ತು ವರ್ಷ ಸವೆಸಿ ಹೆಸರು ಮಾಡಿದವರು ಅವರು. ತಮ್ಮ ಮಾತ್ರೆಯ ಜೊತೆ ಈ ಹಣ್ಣು ಸೇರಿದರೆ ಒತ್ತಡ ಕುಸಿದು ಜೀವಕ್ಕೇ ಅಪಾಯವೆಂಬ ಸಾಲನ್ನು ವರದಿಯಿಂದ ಹೊಡೆದುಹಾಕಿದವರೂ ಅವರೇ. ಈಗ ಅದೇ ಮಾತ್ರೆಯನ್ನು ತಾವೂ ನುಂಗುತ್ತಿದ್ದರು. ಯಾಕೋ ಒಂದು ವಾರದಿಂದ ಎದ್ದು ನಿಂತರೆ ತಲೆ ಸುತ್ತುತ್ತಿತ್ತು.

“ಚಕ್ಕೋತ ನನಗೆ ಬೇಡಮ್ಮ,” ಎಂದರು.

ಅವರ ಹಲ್ಲುನೋವು ಕಂಡು, ಕೇಳದೆಯೇ ಅನ್ನ ಮೆತ್ತಗೆ ಮಾಡುತ್ತಿದ್ದ ಅಡುಗೆಯಾಕೆ ತಲೆಯೆತ್ತಿದಳು. “ಮಾತ್ರೆ ತಗೊಂಡೋರು ತಿನ್ನಬಾರದಾ, ಡಾಕ್ಟ್ರೇ?”

“ಯಾರು ಹೇಳಿದ್ರು ನಿಂಗೆ?”

“ಯಾರೂ ಹೇಳ್ಲಿಲ್ಲ. ನಮ್ಮೆಜಮಾನ್ರು ನಿಮ್ಮ ಮಾತ್ರೆ ಪರೀಕ್ಷೆಗೆ ಬರ್ತಿದ್ರು. ಹಿತ್ತಲ ಚಕ್ಕೋತ ತಿನ್ನಬಹುದಾ ಅಂತ ಕೇಳಿದ್ದಕ್ಕೆ, ಧಾರಾಳವಾಗಿ ತಿನ್ನಿ ಅಂದಿದ್ರಿ. ಹದಿನೈದು ದಿನಕ್ಕೆ ಹೋಗ್ಬಿಟ್ರು.”

ಡಾಕ್ಟರು ಹಣ್ಣಿನತ್ತ ಕೈ ತೋರಿಸಿದರು. “ಆ ಹಣ್ಣು ತೆಗೆದಿಡು. ಅನ್ನ ಸಾರು ಸಾಕು.”

“ವಾರದಿಂದ ಸಾರಿಗೂ ಅದನ್ನೇ ಹಿಂಡ್ತಿದೀನಿ,” ಎಂದು ಆಕೆ ತಟ್ಟೆಯನ್ನು ಮೆಲ್ಲಗೆ ಅವರ ಕೈಗಿತ್ತಳು.