ಗೋಬ್ರ ಮೀನುಗಳ ಹಗೆ

ಮೀನುಗಳು ಮನುಷ್ಯರ ಮುಖ ನೆನಪಿಟ್ಟು ಮರಿಗಳಿಗೂ ಕಲಿಸತೊಡಗಿದ್ದವು. ಮಾದೇವಿ ಖಾರ್ವಿಯ ಅಪ್ಪ ನೇತ್ರಾಣಿ ದ್ವೀಪದ ಹವಳದ ದಿಬ್ಬದಲ್ಲಿ ಮೀನು ಹಿಡಿಯಲು ಸಿಡಿಮದ್ದಿನ ತೋಟೆ ಸಿಡಿಸಿದವನು. ಅವಳದು ಅಪ್ಪನದೇ ಮುಖ. ಅಲ್ಲಿನ ಗೋಬ್ರ ಮೀನುಗಳು ಅವಳನ್ನು ಕಂಡಲ್ಲಿ ಕಚ್ಚುತ್ತಿದ್ದವು.

"ನೀ ಇಳೀಬೇಡ. ನಿನ್ನಿಂದ ನಮ್ಗೂ ಕಚ್ತವೆ," ಎಂದು ಅವಳು ಕೂಲಿಗೆ ಹೋಗುತ್ತಿದ್ದ ದೋಣಿಯ ಯಜಮಾನ ದುರ್ಗಯ್ಯ ತನ್ನ ಸೊಂಟಕ್ಕೆ ಹಗ್ಗ ಕಟ್ಟಿ, ಚಿಪ್ಪು ಹೆಕ್ಕಲು ತಾನೇ ಧುಮುಕಿದ.

ಸ್ವಲ್ಪ ಹೊತ್ತಿಗೆ ಹಗ್ಗ ಹುಚ್ಚೆದ್ದಂತೆ ಜಗ್ಗಿತು. ಮಾದೇವಿ ಚೂರಿ ಹಿಡಿದು ಇಳಿದಳು. ಅವನ ಕಾಲು ಹಳೆಯ ಬಲೆಗೆ ಸಿಕ್ಕಿತ್ತು. ಅವಳು ಬಲೆ ಕತ್ತರಿಸುವಷ್ಟು ಹೊತ್ತೂ ಗೋಬ್ರಗಳು ಅವಳ ಕೆನ್ನೆ, ಹಣೆಗೆ ಮುಗಿಬಿದ್ದವು.

ದೋಣಿಯಲ್ಲಿ ಉಸಿರು ತಿರುಗಿದೊಡನೆ ದುರ್ಗಯ್ಯ ಗದರಿದ: "ಹೇಳ್ಲಿಲ್ಯಾ ನಾನ್? ನಾಳೆಯಿಂದ ಬರ್ಬೇಡ."

ಸೀಳಿದ ಕೆನ್ನೆಗೆ ಸೆರಗು ಒತ್ತಿಕೊಂಡು ಅವಳೆಂದಳು:

"ಬತ್ತೆ. ಇದ್ ಈಗ ಅಪ್ಪನ ಮುಖ ಅಲ್ಲ. ಅವು ಹೊಸ್ದಾಗಿ ಗುರ್ತು ಹಿಡೀಲಿ."