ಅವಳಿಗೆ ಗೊತ್ತಿದ್ದ ದಾರಿ

ಮದುವೆಯಾಗಿ ಆರು ವರ್ಷಕ್ಕೆ, ಮಗುವನ್ನು ಅಜ್ಜಿಯ ಬಳಿ ಬಿಟ್ಟು, ಅವನು ಹೆಂಡತಿಯನ್ನು ಮೊದಲ ಬಾರಿಗೆ ಬೆಟ್ಟದ ಕಡೆ ಸುತ್ತಾಡಲು ಕರೆತಂದಿದ್ದ. ವೈನ್ ಮಾಡುವ ದ್ರಾಕ್ಷಿ ತೋಟಗಳ ನಡುವಿನ ಆ ರಸ್ತೆಯನ್ನು ಅವಳಿಗೆ ತಾನೇ ತೋರಿಸಬೇಕೆಂದು ಹೊರಟರೆ, ಅವಳೇ ದಾರಿ ಹೇಳತೊಡಗಿದಳು.

“ಈ ತಿರುವು ದಾಟಿದ್ರೆ ಪಾರ್ಕು. ಅಲ್ಲಿಂದ ಬೆಟ್ಟ ಪೂರ್ತಿ ಕಾಣುತ್ತೆ ರೀ.”

ತಿರುವು ದಾಟಿದರೆ ಪಾರ್ಕು ಇತ್ತು. ಬೆಟ್ಟವೂ ಪೂರ್ತಿ ಕಂಡಿತು. ಅವನಿಗೆ ಒಳಗೊಳಗೇ ಹೊಟ್ಟೆ ಉರಿಯತೊಡಗಿತು.

ತೋಟವೊಂದರ ಗೇಟಿನ ಬಳಿ ಎಳನೀರು ಕುಡಿಯಲು ನಿಂತಾಗ ಅವಳು ಸುತ್ತ ನೋಡಿ, “ಇಲ್ಲೊಂದು ದೊಡ್ಡ ಹುಣಸೆ ಮರ ಇರ್ಬೇಕಿತ್ತಲ್ಲ?” ಎಂದಳು.

“ರಸ್ತೆ ಅಗಲ ಮಾಡೋವಾಗ ಕಡಿದ್ರು, ಮೂರು ವರ್ಷ ಆಯ್ತು,” ಎಂದ ಎಳನೀರಿನವನು ಕಾಯಿ ಕೆತ್ತುತ್ತ. “ಅಕ್ಕೋರು ಈ ಕಡೆಗೆ ಹಳಬ್ರು ಬಿಡಿ.”

ಗಂಡ ಎಳನೀರನ್ನು ಅರ್ಧಕ್ಕೇ ಬಿಟ್ಟು ಕಾರಿನ ಕಡೆ ನಡೆದ. ಕಾರಿನ ಬಾಗಿಲು ಹಾಕಿಕೊಂಡವನೇ ಕೇಳಿಬಿಟ್ಟ.

“ಯಾರ ಜೊತೆ ಬಂದಿದ್ದೆ?”

“ಇಲ್ಲಿಗಾ? ಯಾರ ಜೊತೇನೂ ಇಲ್ಲ.”

“ನನ್ನ ಕಿವಿಗೆ ಹೂ ಇಡಬೇಡ. ನನಗಿಂತ ಮುಂಚೆ ಯಾರೋ ನಿನ್ನನ್ನ ಇಲ್ಲೆಲ್ಲ ಸುತ್ತಿಸಿದ್ದಾನೆ. ಹೆಸರು ಹೇಳು, ಸಾಕು.”

ಅವಳು ಕಿಟಕಿಯಾಚೆ ನೋಡುತ್ತ ಹೇಳಿದಳು: “ನೀವು ‘ಮುಂದಿನ ಭಾನುವಾರ ಕರ್ಕೊಂಡು ಹೋಗ್ತೀನಿ’ ಅಂದಾಗೆಲ್ಲ, ಮೊಬೈಲಿನ ಮ್ಯಾಪಲ್ಲಿ ಈ ರಸ್ತೆಯ ಹಳೇ ಫೋಟೋಗಳನ್ನ ಒಂದೊಂದಾಗಿ ಸರಿಸ್ಕೊಂಡು, ನಾನೊಬ್ಳೇ ಬಂದು ಹೋಗ್ತಿದ್ದೆ.”