ಬಲೆ ಹಿಡಿದವನು

ಆಮಿಷ ಬದಲಿಸಿದರೆ ಸೋತಂತೆ, ಬದಲಿಸದಿದ್ದರೆ ಬರಿಗೈ. ಎರಡರಲ್ಲಿ ಯಾವುದು ಹೆಚ್ಚು ಚುಚ್ಚುತ್ತದೆಂದು ವರ್ಲಿನ್‌ಗೆ ತಿಳಿಯಲಿಲ್ಲ. ಅವನ ಗಾಳದ ದಾರದ ತುದಿಯಲ್ಲಿ ಜುಲೈ ತಿಂಗಳ ಆಮಿಷವೇ ಇನ್ನೂ ತೂಗುತ್ತಿತ್ತು: ಕರಿ ರೋಮದ ಕುಚ್ಚು, ಅದರ ಮೇಲೆ ಗಿರ್ರನೆ ತಿರುಗುವ ಎರಡು ಹಿತ್ತಾಳೆ ತಗಡು. ಈಗ ನವೆಂಬರ್. ದೋಣಿಯ ಅಂಚಿಗೆ ತೆಳ್ಳಗೆ ಮಂಜು ಕಟ್ಟಿತ್ತು. ಇನ್ನು ಕೆಲವೇ ದಿನಗಳಲ್ಲಿ ವಿಸ್ಕಾನ್ಸಿನ್ನಿನ ಈ ಸರೋವರವೆಲ್ಲ ಹೆಪ್ಪುಗಟ್ಟುತ್ತದೆ. ಇದೇ ಈ ವರ್ಷದ ಕೊನೆಯ ಸರದಿ.

"ಭಾವಾ, ಬೇಸಿಗೆ ಮುಗೀತು. ನಿಂಗೆ ಯಾರೂ ಹೇಳಿಲ್ವಾ?" ದೋಣಿಯ ಮುಂತುದಿಯಿಂದ ಐನಾರ್ ಕೇಳಿದ. ಅವನು ವರ್ಲಿನ್‌ನ ಹೆಂಡತಿಯ ತಮ್ಮ. ಮೊಣಕೈಯುದ್ದದ ರಬ್ಬರ್ ಮೀನನ್ನು ಎಳೆದು, ನಿಲ್ಲಿಸಿ, ಅದು ಮುಳುಗುವುದನ್ನು ಕಾದು, ಮತ್ತೆ ಎಳೆಯುತ್ತಿದ್ದ. "ವಸಂತದಲ್ಲಿ ಚಿಕ್ಕ ಆಮಿಷ, ಸೆಕೇಲಿ ಚುರುಕಾದ್ದು, ಎಲೆ ಉದುರಿದ್ಮೇಲೆ ದೊಡ್ಡದು, ಸೋಮಾರಿ. ಥಂಡಿ ನೀರಲ್ಲಿ ಮಸ್ಕಿ ಮೀನು ನಿನ್ನ ಥರಾನೇ. ಊಟದ ಮೇಜಿಗೆ ಎದ್ದು ಬರೋಕೂ ಬೇಜಾರು ಅದಕ್ಕೆ."

"ತಟ್ಟೇನೇ ಅದರ ಮುಂದೆ ಇಡ್ತೀನಿ, ಸುಮ್ನಿರು."

ಊರಲ್ಲಿ ಬರ್ನೀಸ್ ನಡೆಸುವ ಹೋಟೆಲಿನ ಗೋಡೆಯ ಮೇಲೆ ಇಲ್ಲಿ ಹಿಡಿದ ದೊಡ್ಡ ಮೀನುಗಳ ಫೋಟೋಗಳಿವೆ. ಮೀನನ್ನು ಎತ್ತಿ ಹಿಡಿದವನು ಯಾವಾಗಲೂ ಐನಾರ್. ಪಕ್ಕದಲ್ಲಿ ಕೈಬಲೆ ಹಿಡಿದು ನಿಂತವನು ವರ್ಲಿನ್. ಒಮ್ಮೆಯಾದರೂ ಅದು ತಿರುವುಮುರುವಾಗಬೇಕಿತ್ತು, ಅದೂ ತಾನೇ ಆರಿಸಿದ ಆಮಿಷಕ್ಕೆ. ಐನಾರ್ ಅದರ ಬಗ್ಗೆ ಎಂದೂ ಜಂಬ ಕೊಚ್ಚಿದವನಲ್ಲ. ಕೊಚ್ಚಿದ್ದರೆ ಅವನ ಮೇಲೆ ಸಿಟ್ಟಾಗುವುದಾದರೂ ಸುಲಭವಿತ್ತು.

ಮಸ್ಕಿ ಆಮಿಷದ ಬೆನ್ನು ಹತ್ತಿ ದೋಣಿಯವರೆಗೂ ಬಂದು, ನೋಡಿ, ಹಿಂದಿರುಗುವ ಮೀನು. ಅದಕ್ಕೇ ಇಲ್ಲಿ ಯಾರೂ ಆಮಿಷವನ್ನು ನೇರವಾಗಿ ಮೇಲೆತ್ತುವುದಿಲ್ಲ. ಮೀನು ಕೊನೆ ಗಳಿಗೆಯಲ್ಲಾದರೂ ಬಾಯಿ ಹಾಕಲೆಂದು, ಗಾಳದ ಕೋಲಿನ ತುದಿಯನ್ನು ನೀರಿಗಿಳಿಸಿ ದೋಣಿಯ ಮಗ್ಗುಲಲ್ಲೇ ಇಂಗ್ಲಿಷ್ ಎಂಟರ ಅಂಕಿಯನ್ನು ಬರೆಯುತ್ತಾರೆ.

"ತಿರುವು ಅಗಲ ಇರ್ಲಿ. ನಿಧಾನ," ಎಂದ ಐನಾರ್, ತಿರುಗಿ ನೋಡದೆಯೇ.

ವರ್ಲಿನ್ ಬಿಗಿಯಾಗಿ, ಬೇಗ ತಿರುಗಿಸಿದ. ಎರಡನೆಯ ಸುತ್ತಿನಲ್ಲಿ ಕೆಳಗಿನ ಕತ್ತಲೆಯಿಂದ ಮರದ ದಿಮ್ಮಿಯೊಂದು ಎದ್ದು ಬಂದಂತಾಯಿತು. ಬಾಯಿ ತೆರೆಯಿತು, ಆಮಿಷ ಆಗಲೇ ಮುಂದೆ ಸರಿದಿತ್ತು. ಕೊಕ್ಕೆಗೆ ಸಿಕ್ಕಿದ್ದು ತುಟಿಯ ಅಂಚು ಮಾತ್ರ.

"ಬಲೆ! ಬಲೆ ತಗೊಳ್ಳೋ!"

ಐನಾರ್ ತನ್ನ ಕೋಲನ್ನು ಬಿಸಾಡಿ ಓಡಿ ಬಂದ. "ಅಯ್ಯೋ ದೇವರೇ, ನಾಲ್ಕೂವರೆ ಅಡಿ ಇದೆ! ತಲೆ ಈ ಕಡೆ ತಿರುಗಿಸು ಭಾವಾ, ತಲೆ!" ಅವನು ಬಲೆಯೊಂದಿಗೆ ಬಗ್ಗಿದ. ಮೀನು ಒಮ್ಮೆ ತಲೆ ಕೊಡವಿತು. ಎರಚಿದ ನೀರಿಗೆ ಐನಾರ್ ಕಣ್ಣು ಮುಚ್ಚಿದ. ಬಲೆಯನ್ನು ಮಾತ್ರ ಮುಂದಕ್ಕೆ ನೂಕಿದ.

ನೀರು ತಿಳಿಯಾದಾಗ ಕರಿ ಕುಚ್ಚು ಬಲೆಯ ಕಣ್ಣಿಗೆ ಸಿಕ್ಕಿಕೊಂಡು ನೇತಾಡುತ್ತಿತ್ತು. ಮೀನು ಇರಲಿಲ್ಲ.

"ಬಲೆಗೆ ಕೊಕ್ಕೆ ತಗುಲಿಸಿಬಿಟ್ಟೆ," ಎಂದ ಐನಾರ್. ಅವನ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. "ನಾನೇ ಮೀನು ತಪ್ಪಿಸ್ಬಿಟ್ಟೆ ಭಾವಾ. ನಾನೇ."

ವರ್ಲಿನ್ ದಾರವನ್ನು ಸುತ್ತಿಕೊಂಡ.

ಸಂಜೆ ಬರ್ನೀಸಳ ಹೋಟೆಲಿನಲ್ಲಿ ಶುಕ್ರವಾರದ ಮೀನಿನ ಊಟ. ಯಾರೂ ಕೇಳುವ ಮೊದಲೇ ಐನಾರ್ ಎಲ್ಲವನ್ನೂ ಹೇಳಿದ. "ಭಾವನ ಬೇಸಿಗೆ ಆಮಿಷಕ್ಕೇ ಮಸ್ಕಿ ಬಿತ್ತು ಕಣ್ರೋ. ಅವನೇ ಸರಿ. ನಾನು ಹೋಗಿ ಹಾಳು ಮಾಡ್ದೆ."

"ಇನ್ಮೇಲೆ ಐನಾರ್‌ಗೆ ಸೌಟು ಕೊಡಿ, ಬಲೆ ಕೊಡ್ಬೇಡಿ!" ಬರ್ನೀಸ್ ಕೂಗಿದಳು. ಎಲ್ಲರೂ ನಕ್ಕರು. ಐನಾರನೂ ನಕ್ಕ. ಅವನ ತಟ್ಟೆಯ ಮೀನು ಆರುತ್ತಿತ್ತು.

ಹೊರಡುವಾಗ ಅವನು ತಗ್ಗಿದ ದನಿಯಲ್ಲಿ, "ಬರೋ ವರ್ಷ ಬೇರೆ ಯಾರನ್ನಾದ್ರೂ ದೋಣಿಗೆ ಕರ್ಕೋ. ನನ್ನ ಕೈ ಮೇಲೆ ನಂಗೇ ನಂಬಿಕೆ ಇಲ್ಲ," ಎಂದ.

ವರ್ಲಿನ್ ಅವನ ಹೆಗಲು ತಟ್ಟಿದ. "ಬಿಡೋ. ಯಾರಿಗಾದ್ರೂ ಆಗುತ್ತೆ."

ಬಲೆ ತಗುಲುವ ಮೊದಲೇ ಮೀನಿನ ತುಟಿಯಿಂದ ಕೊಕ್ಕೆ ಕಳಚಿತ್ತು. ವರ್ಲಿನ್ ಅದನ್ನು ಕಣ್ಣಾರೆ ಕಂಡಿದ್ದ. ಆ ಮಾತನ್ನು ಅವನು ಆ ಸಂಜೆ ಹೇಳಲಿಲ್ಲ, ಆಮೇಲೂ ಎಂದೂ ಹೇಳಲಿಲ್ಲ.